ಕಡಿಮೆ ಖರ್ಚಿನಲ್ಲಿ ಕೊಂಗುನಾಡು: ಗೆಳೆಯನೊಂದಿಗೆ ನಾಲ್ಕು ದಿನ

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ವ್ಯಾಪಾರಸ್ಥರ ಮನೆಗಳಲ್ಲಿ ದೇಶ ಸುತ್ತುವುದಕ್ಕೇನೂ ಕೊರತೆಯಿಲ್ಲ. ಸೀರೆಗೆ ಸೂರತ್ತು, ಟವೆಲು ಲುಂಗಿಗೆ ಈರೋಡು, ಬನಿಯನ್ನಿಗೆ ತಿರುಪ್ಪೂರು ಎಂದು ವರ್ಷದಲ್ಲಿ ನಾಲ್ಕಾರು ಬಾರಿ ರೈಲು ಹತ್ತುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಊರಿಗೆ ಬಂದ ಮೇಲೆ ಮಕ್ಕಳು, "ಅಲ್ಲಿ ಏನೇನು ನೋಡಿದಿರಿ?" ಎಂದು ಕೇಳಿದರೆ ಹೇಳಲು ಸಿಗುವುದು ಲಾಡ್ಜು, ಖರೀದಿ ಅಂಗಡಿ, ಲಾರಿ ಆಫೀಸು, ಇಷ್ಟೇ. ಪ್ರೇಕ್ಷಣೀಯ ಸ್ಥಳವೆಂದರೆ ದೂರದಲ್ಲಿರಬೇಕು, ಅದಕ್ಕೆ ದುಡ್ಡು ಸುರಿಯಬೇಕು ಎಂಬ ಭಾವನೆ ಹೇಗೋ ಬೇರೂರಿಬಿಟ್ಟಿದೆ. ಹಾಗಲ್ಲವೆಂಬುದನ್ನು ತೋರಿಸುವುದಕ್ಕಾಗಿ ಈ ಲೇಖನ. ಇಬ್ಬರು ಹಳೆಯ ಗೆಳೆಯರು, ಒಂದು ಬಟ್ಟೆಚೀಲ, ನಾಲ್ಕು ದಿನ, ತಿರುಪ್ಪೂರು ಮತ್ತು ಕೊಯಮತ್ತೂರು ಸೀಮೆ. ಬಂಡವಾಳ ಅಷ್ಟೇ.

ಇಂಗ್ಲೆಂಡಿನಲ್ಲಿ ಕಲಿತ ಪಾಠ

ಈ ಪ್ರವಾಸದ ಯೋಚನೆ ನನ್ನ ಗೆಳೆಯನದು. ತುಮಕೂರಿನ ಪೇಟೆಬೀದಿಯಲ್ಲಿ ಇಬ್ಬರೂ ಒಂದೇ ಶಾಲೆಯಲ್ಲಿ ಓದಿ, ಒಂಬತ್ತು ವರ್ಷ ಪಾಲುದಾರಿಕೆಯಲ್ಲಿ ಜವಳಿ ಅಂಗಡಿ ನಡೆಸಿದವರು. ಆಮೇಲೆ ಮಕ್ಕಳು ದೊಡ್ಡವರಾದರು, ಅಂಗಡಿ ಎರಡಾಯಿತು. ಲೆಕ್ಕ ಸರಿಯಾಗಿಯೇ ಚುಕ್ತಾ ಆಯಿತು. ಆದರೂ ಪಾಲಾದ ಮೇಲೆ ಹಿಂದಿನ ಸಲಿಗೆ ಉಳಿಯುವುದು ಕಷ್ಟ. ಮದುವೆಮನೆಗಳಲ್ಲಿ ಕಂಡರೆ ಕ್ಷೇಮಸಮಾಚಾರ ಕೇಳುವುದು, ಅಷ್ಟಕ್ಕೆ ನಿಂತಿತ್ತು.

ಗೆಳೆಯನ ಮಗ ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ ನೌಕರಿಯಲ್ಲಿದ್ದಾನೆ. ಮೊನ್ನೆ ಅವನಲ್ಲಿಗೆ ಹೋಗಿದ್ದವನು, ಮಗನ ರಜೆಗೆ ಕಾಯದೆ ಅಲ್ಲಿಯೇ ಪರಿಚಯವಾದ ನಿವೃತ್ತ ಗುಜರಾತಿ ಮಹನೀಯರೊಬ್ಬರ ಜೊತೆ ಹತ್ತು ದಿನ ಇಂಗ್ಲೆಂಡ್ ಸುತ್ತಿ ಬಂದ. ಅಲ್ಲಿ ಹೋಟೆಲಿನಲ್ಲಿ ಒಂದು ಹೊತ್ತು ಉಂಡರೆ ಇಲ್ಲಿ ಒಂದು ವಾರದ ದಿನಸಿಯ ಹಣ ಹೋಗುತ್ತದಂತೆ. ಆದ್ದರಿಂದ ಚಪಾತಿ, ಹುರಿದ ಅವಲಕ್ಕಿ, ಹಣ್ಣು ಕಟ್ಟಿಕೊಂಡು ಹೋಗುವುದು, ರೈಲಿನ ಬದಲು ದೂರದ ಬಸ್ಸು ಹಿಡಿಯುವುದು, ಊರೊಳಗೆ ನಡೆಯುವುದು. ಲಂಡನ್ನಿನ ದೊಡ್ಡ ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಪ್ರವೇಶಧನವಿಲ್ಲ. ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಮಧ್ಯಪ್ರದೇಶದ ಗ್ಯಾರಸ್ಪುರದ ಪಾರ್ಶ್ವನಾಥನ ಮುಂದೆ ಅರ್ಧ ಗಂಟೆ ಕುಳಿತು ಬಂದನಂತೆ. ಯಾರ್ಕ್ ಊರಿನಲ್ಲಿ ಹಳೆಯ ಕೋಟೆಗೋಡೆಯ ಮೇಲೆಯೇ ಸುಮಾರು ಮೂರು ಕಿಲೋಮೀಟರ್ ನಡೆದಾಡಬಹುದು, ಅದಕ್ಕೂ ಕಾಸಿಲ್ಲ.

ಅವನ ಮನಸ್ಸಿನಲ್ಲಿ ನಿಂತದ್ದು ಎರಡು ಜಾಗಗಳು. ಒಂದು ಲೆಸ್ಟರಿನ ಜೈನ ಕೇಂದ್ರ. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನನು ಅಲ್ಲಿದ್ದ ಏಷ್ಯಾ ಮೂಲದವರನ್ನೆಲ್ಲ ಹೊರಹಾಕಿದಾಗ ಸಾವಿರಾರು ಗುಜರಾತಿ ಕುಟುಂಬಗಳು ಲೆಸ್ಟರಿಗೆ ಬಂದು ನೆಲೆಸಿದವು. ಅವರಲ್ಲಿ ನಮ್ಮವರೂ ಇದ್ದರು. ಆಕ್ಸ್‌ಫರ್ಡ್ ಬೀದಿಯಲ್ಲಿ ಹಿಂದೆ ಕ್ರೈಸ್ತರ ಪ್ರಾರ್ಥನಾಮಂದಿರವಾಗಿದ್ದ ಕಟ್ಟಡವನ್ನು ಕೊಂಡು, ಬಿಳಿ ಅಮೃತಶಿಲೆಯ ಮುಖಮಂಟಪ, ಕೆತ್ತನೆಯ ಕಂಬಗಳನ್ನು ಕೂಡಿಸಿ 1988ರಲ್ಲಿ ಪ್ರತಿಷ್ಠೆ ಮಾಡಿದರು. ಶ್ವೇತಾಂಬರ, ದಿಗಂಬರ, ಸ್ಥಾನಕವಾಸಿ ಮೂವರಿಗೂ ಒಂದೇ ಸೂರಿನಡಿ ಸ್ಥಳವಿದೆ.

ಇನ್ನೊಂದು ಯಾರ್ಕ್‌ಷೈರ್ ಪ್ರಾಂತ್ಯದ ಫೌಂಟನ್ಸ್ ಅಬಿ. 1132ರಲ್ಲಿ ಸ್ಥಾಪನೆಯಾದ ಕ್ರೈಸ್ತ ಸನ್ಯಾಸಿಗಳ ಮಠ. ಕುರಿಯ ಉಣ್ಣೆಯ ವ್ಯಾಪಾರದಿಂದ ಬಹಳ ಶ್ರೀಮಂತವಾಗಿತ್ತು. ಎಂಟನೆಯ ಹೆನ್ರಿ ರಾಜನು ಮಠಗಳನ್ನೆಲ್ಲ ಮುಚ್ಚಿಸಿದಾಗ, 1539ರಲ್ಲಿ, ಇದೂ ಬರಿದಾಯಿತು. ಚಾವಣಿಯಿಲ್ಲ, ಆ ಮಠದ ಸನ್ಯಾಸಿಗಳಿಲ್ಲ. ಆದರೂ ಕಲ್ಲಿನ ಗೋಡೆಗಳ ನಡುವೆ ಹುಲ್ಲು ನೀಟಾಗಿ ಕತ್ತರಿಸಿದೆ, ಮಕ್ಕಳನ್ನು ಕರೆದುಕೊಂಡು ಮನೆಮಂದಿಯೆಲ್ಲ ಬುತ್ತಿ ಸಮೇತ ಬರುತ್ತಾರೆ, ಫಲಕಗಳ ಮುಂದೆ ನಿಂತು ಓದುತ್ತಾರೆ. ಅದನ್ನು ನೋಡಿಕೊಳ್ಳುವುದು 1895ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್ ಎಂಬ ಧರ್ಮದತ್ತಿ ಸಂಸ್ಥೆ. ಐವತ್ತು ಲಕ್ಷಕ್ಕೂ ಮಿಕ್ಕಿ ಸದಸ್ಯರು ಪ್ರತಿವರ್ಷ ಚಂದಾ ಕೊಡುತ್ತಾರೆ.

"ಪೂಜೆ ನಿಂತು ಐನೂರು ವರ್ಷವಾಗುತ್ತಾ ಬಂತು ಕಣಯ್ಯಾ, ಜನ ನಿಂತಿಲ್ಲ," ಎಂದ ಗೆಳೆಯ. "ನಾವು ಬನಿಯನ್ ತರುವ ದಾರಿಯಲ್ಲಿ ಚಾವುಂಡರಾಯನ ತಂಗಿಯ ಶಾಸನವಿದೆಯಂತೆ. ನಮ್ಮವರಲ್ಲಿ ನೋಡಿದವರು ಎಷ್ಟು ಮಂದಿ ಹೇಳು? ನಡಿ, ಇಬ್ಬರೂ ಹೋಗೋಣ. ಇಂಗ್ಲೆಂಡಿನ ಕ್ರಮದಲ್ಲೇ ಹೋಗೋಣ."

ಇಂಗ್ಲೆಂಡಿನ ಕ್ರಮವೆಂದರೆ ಮೂರು ನಿಯಮ. ಮೊದಲನೆಯದು, ಹಣದ ಚೀಲ ಒಂದೇ ಇರಬೇಕು. ಇಬ್ಬರೂ ಸಮನಾಗಿ ಹಾಕಬೇಕು, ಒಬ್ಬ ಚೀಲ ಹಿಡಿದರೆ ಇನ್ನೊಬ್ಬ ಲೆಕ್ಕ ಬರೆಯಬೇಕು. ಎರಡನೆಯದು, ಅರ್ಧ ದಿನಕ್ಕೆ ಒಂದೇ ಜಾಗ. ಹತ್ತು ಕಡೆ ಓಡಿದರೆ ಕಾಣುವುದು ಆಟೋದ ಮೀಟರು ಮಾತ್ರ. ಮೂರನೆಯದು, ಒಂದು ಹೊತ್ತಿನ ಆಹಾರ ಯಾವಾಗಲೂ ಕೈಯಲ್ಲಿರಬೇಕು. ಸೂರ್ಯಾಸ್ತದ ಮುಂಚೆ ಉಣ್ಣುವ ವ್ರತವುಳ್ಳ ನಮಗೆ ಈ ಮೂರನೆಯ ನಿಯಮ ಹೊಸದೇನೂ ಅಲ್ಲ.

ತಿರುಪ್ಪೂರು: ಬನಿಯನ್ನಿನ ಆಚೆಗೆ

ಹಿಂದಿನ ರಾತ್ರಿ ಬೆಂಗಳೂರಿನ ಬೀಗರ ಮನೆಯಲ್ಲಿ ಉಳಿದು, ಬೆಳಗಿನ ಎರ್ನಾಕುಲಂ ಇಂಟರ್‌ಸಿಟಿ ರೈಲಿನಲ್ಲಿ ಎರಡನೇ ದರ್ಜೆಯ ಕುಳಿತುಕೊಳ್ಳುವ ಸೀಟು ಹಿಡಿದೆವು. ಸೇಲಂ, ಈರೋಡು ದಾಟಿ ಮಧ್ಯಾಹ್ನದ ಹೊತ್ತಿಗೆ ತಿರುಪ್ಪೂರು. ಮೈಸೂರು ಕಡೆಯವರು ಚಾಮರಾಜನಗರದಿಂದ ದಿಂಬಂ ಘಾಟಿ ಇಳಿದು ಸತ್ಯಮಂಗಲದ ಮೇಲೆಯೂ ಬರಬಹುದು. ಇಪ್ಪತ್ತೇಳು ತಿರುವುಗಳ ಆ ಘಾಟಿಯಲ್ಲಿ ಕಾಡುಪ್ರಾಣಿಗಳ ರಕ್ಷಣೆಗಾಗಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿರುವುದರಿಂದ ಹಗಲು ಬಸ್ಸೇ ಒಳ್ಳೆಯದು.

ತಿರುಪ್ಪೂರು ಬಹಳ ಕಾಲ ಕೊಯಮತ್ತೂರು ಜಿಲ್ಲೆಯ ಒಂದು ಊರಾಗಿತ್ತು. 2009ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಕೂಡಿಸಿ ಇದನ್ನೇ ಪ್ರತ್ಯೇಕ ಜಿಲ್ಲೆ ಮಾಡಿದರು. ರೈಲ್ವೆ ಸ್ಟೇಷನ್ನಿನ ಸಮೀಪದಲ್ಲೇ ತಿರುಪ್ಪೂರು ಕುಮಾರನ ಸ್ಮಾರಕವಿದೆ. 1932ರ ಜನವರಿಯಲ್ಲಿ ಸ್ವಾತಂತ್ರ್ಯ ಚಳವಳಿಯ ಮೆರವಣಿಗೆಯಲ್ಲಿ ಪೊಲೀಸರ ಲಾಠಿ ಏಟಿಗೆ ಸಿಕ್ಕಿ, ಕೈಯಲ್ಲಿದ್ದ ಬಾವುಟವನ್ನು ಬಿಡದೆ ಪ್ರಾಣಬಿಟ್ಟ ತರುಣ. ಇನ್ನೂ ಮೂವತ್ತು ತುಂಬಿರಲಿಲ್ಲ. ಸ್ಮಾರಕದ ಮುಂದೆ ಎರಡು ನಿಮಿಷ ನಿಲ್ಲಲು ಯಾವ ಖರ್ಚೂ ಇಲ್ಲ.

ಅಲ್ಲಿಂದ ಖಾದರ್‌ಪೇಟೆಗೆ ಹೋದೆವು. ಇದು ಚಿಲ್ಲರೆ ವ್ಯಾಪಾರಿಗಳಿಗೆಲ್ಲ ಗೊತ್ತಿರುವ ಬನಿಯನ್ ಬಜಾರು. ಗೆಳೆಯ ಒಂದು ವಿಷಯ ಹೇಳಿದ. ನಾವೆಲ್ಲ ಹೊಸಿಯರಿ ಎನ್ನುತ್ತೇವಲ್ಲ, ಆ ಕಸುಬಿಗೆ ಒಂದು ಕಾಲದಲ್ಲಿ ಹೆಸರಾಗಿದ್ದ ಊರು ಲೆಸ್ಟರ್. ಹೆಣಿಗೆಯ ಯಂತ್ರವನ್ನು 1589ರಲ್ಲಿ ಮೊದಲು ಮಾಡಿದವನು ಪಕ್ಕದ ನಾಟಿಂಗ್‌ಹ್ಯಾಂಷೈರಿನ ವಿಲಿಯಂ ಲೀ. ಕೈಯಲ್ಲಿ ಹೆಣೆಯುವ ಬಡವರ ಹೊಟ್ಟೆಗೆ ಹೊಡೆಯುತ್ತದೆಂದು ರಾಣಿ ಎಲಿಜಬೆತ್ ಅವನಿಗೆ ಸನ್ನದು ಕೊಡಲಿಲ್ಲವೆಂದು ಹೇಳುತ್ತಾರೆ. ಕಳೆದ ಶತಮಾನದ ಕೊನೆಯ ಹೊತ್ತಿಗೆ ಲೆಸ್ಟರಿನ ಹೆಣಿಗೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಅದೇ ಕಾಲದಲ್ಲಿ ತಿರುಪ್ಪೂರಿನ ರಫ್ತು ಬೆಳೆಯಿತು. ಅಲ್ಲಿ ಮಗನ ಮನೆಯ ಹತ್ತಿರದ ಅಂಗಡಿಯಲ್ಲಿ ಟೀ ಶರಟಿನ ಒಳಚೀಟಿ ತಿರುಗಿಸಿ ನೋಡಿದರೆ ಭಾರತದಲ್ಲಿ ತಯಾರಾದದ್ದೆಂದು ಇತ್ತಂತೆ.

ಆದರೆ ಈ ಊರಿನಲ್ಲಿ ನೋಡಲೇಬೇಕಾದದ್ದು ನೊಯ್ಯಲ್ ನದಿ. ನೋಡಿ ಸಂತೋಷಪಡುವುದಕ್ಕಲ್ಲ, ತಿಳಿದುಕೊಳ್ಳುವುದಕ್ಕೆ. ಬಣ್ಣ ಹಾಕುವ, ಬಿಳುಪು ಮಾಡುವ ಕಾರ್ಖಾನೆಗಳ ನೀರು ವರ್ಷಗಟ್ಟಲೆ ಈ ಹೊಳೆಗೆ ಹರಿಯಿತು. ಕೆಳಗೆ ಒರತ್ತುಪಾಳಯಂನಲ್ಲಿ 1992ರಲ್ಲಿ ಪೂರ್ಣಗೊಂಡ ಅಣೆಕಟ್ಟು ಬೇಸಾಯಕ್ಕೆಂದು ಕಟ್ಟಿದ್ದು ಬಣ್ಣದ ನೀರಿನ ಕೊಳವಾಯಿತು, ರೈತರ ಹೊಲ ಬಾವಿಗಳು ಕೆಟ್ಟವು. ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ನಿಯಮ ಪಾಲಿಸದ ಬಣ್ಣದ ಕಾರ್ಖಾನೆಗಳನ್ನು ಮುಚ್ಚುವಂತೆ ಆದೇಶಿಸಿತು. ಬಳಸಿದ ನೀರನ್ನು ಹೊರಗೆ ಬಿಡದೆ, ಶುದ್ಧಿ ಮಾಡಿ ಮತ್ತೆ ಬಳಸುವ ಏರ್ಪಾಟನ್ನು ಮಾಡಿಕೊಂಡ ಮೇಲೆಯೇ ಕೆಲಸ ಮತ್ತೆ ಶುರುವಾಯಿತು. ಅಗ್ಗದ ಬನಿಯನ್ನಿನ ಬೆಲೆಯಲ್ಲಿ ಒಂದು ಪಾಲನ್ನು ಹೊಳೆಯೂ ಹೊಳೆಯ ಜೀವಿಗಳೂ ಕೊಟ್ಟಿವೆ. ನೀರನ್ನು ಸೋಸಿ ಕುಡಿಯುವ ಮನೆಗಳಲ್ಲಿ ಹುಟ್ಟಿದ ವ್ಯಾಪಾರಿ ಖರೀದಿ ಮಾಡುವಾಗ, ಬಣ್ಣ ಎಲ್ಲಿ ಹಾಕಿಸಿದ್ದು ಎಂದು ಒಂದು ಮಾತು ಕೇಳಿದರೆ ತಪ್ಪೇನು?

ಸಂಜೆ ಐದೂವರೆಗೆಲ್ಲ ಊಟದ ಕೆಲಸ ಮುಗಿಸಿದೆವು. ಈರುಳ್ಳಿ ಬೆಳ್ಳುಳ್ಳಿ ಬೇಡವೆನ್ನುವವರಿಗೆ ಇಲ್ಲಿನ ಮೆಸ್ಸುಗಳಲ್ಲಿ ಮೊಸರನ್ನ, ಇಡ್ಲಿ, ಪುಡಿ ಸಿಗುತ್ತದೆ. ಮೊದಲೇ ಹೇಳಿದರೆ ಒಗ್ಗರಣೆಯಲ್ಲಿ ಹಾಕದೆ ಮಾಡಿಕೊಡುವವರೂ ಇದ್ದಾರೆ. ಒಗ್ಗರಣೆಗೇ ಚಿಂತೆಯಿದ್ದವರು ಮನೆಯ ಚಟ್ನಿಪುಡಿ ತರುವುದು ಕ್ಷೇಮ.

ವಿಜಯಮಂಗಲ: ತಂಗಿಯ ಕಂಬ

ಮರುದಿನ ಬೆಳಿಗ್ಗೆ ಈರೋಡಿನ ಕಡೆ ಹೋಗುವ ಪ್ಯಾಸೆಂಜರ್ ರೈಲು ಹಿಡಿದೆವು. ಮಧ್ಯದಲ್ಲಿ ಸಿಗುವ ಊತ್ತುಕುಳಿ ಬೆಣ್ಣೆಗೆ ಹೆಸರಾದ ಊರು. ಅದಾದ ಮೇಲೆ ತಿರುಪ್ಪೂರು ಜಿಲ್ಲೆಯ ಗಡಿ ದಾಟಿದರೆ ಈರೋಡು ಜಿಲ್ಲೆಯ ವಿಜಯಮಂಗಲ. ಸ್ಟೇಷನ್ನಿನಿಂದ ಆಟೋ ಮಾಡಿಕೊಂಡು ಬಸ್ತಿಪುರಕ್ಕೆ ಹೋದೆವು. ಬಸ್ತಿ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ಕನ್ನಡದವರಿಗೆ ಬೇರೆ ವಿವರಣೆ ಬೇಕಿಲ್ಲ. ಆಟೋದವನಿಗೆ "ಸಮಣರ್ ಕೋಯಿಲ್" ಎಂದರೂ ಅರ್ಥವಾಗುತ್ತದೆ, "ನೆಟ್ಟೈ ಗೋಪುರಂ" ಎಂದರೂ ಅರ್ಥವಾಗುತ್ತದೆ. ನೆಟ್ಟೈ ಎಂದರೆ ಎತ್ತರ. ಬಯಲಿನಲ್ಲಿ ದೂರಕ್ಕೇ ಕಾಣುವ ಗೋಪುರದಿಂದ ಆ ಹೆಸರು ಬಂದಿದೆ.

ಒಳಗೆ ಚಂದ್ರಪ್ರಭ ತೀರ್ಥಂಕರರ ಬಸದಿ. ಬೀಗದ ಕೈ ಇದ್ದವರು ಬರುವವರೆಗೆ ಬೇವಿನ ನೆರಳಿನಲ್ಲಿ ಕುಳಿತೆವು. ಪಕ್ಕದ ಮನೆಯ ಅಜ್ಜಿಯೊಬ್ಬರು ಕೇಳದೆಯೇ ನೀರು ತಂದುಕೊಟ್ಟರು. ಕೊನೆಗೆ ಬಾಗಿಲು ತೆರೆಯಿತು. ಹೊರಗೆ ಬಿಸಿಲು, ಒಳಗೆ ಕಲ್ಲಿನ ತಂಪು. ದರ್ಶನ ಮಾಡಿ, ಮಂಟಪದ ಕಂಬಗಳ ನಡುವೆ ಹುಡುಕಿ ನಿಂತದ್ದು ಆ ಶಾಸನದ ಕಂಬದ ಮುಂದೆ.

ಪುಲ್ಲಿಯಬ್ಬೆ. ಗಂಗರ ಮಂತ್ರಿ, ಸೇನಾಧಿಪತಿ ಚಾವುಂಡರಾಯನ ತಂಗಿ. ಇಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳೆಂದು ಶಾಸನ ಸಾರುತ್ತದೆ. ಅಣ್ಣ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಕ್ರಿ.ಶ. 981ರ ಸುಮಾರಿಗೆ ಸುಮಾರು 58 ಅಡಿಯ ಗೊಮ್ಮಟನನ್ನು ನಿಲ್ಲಿಸಿದ, 978ರಲ್ಲಿ ಕನ್ನಡ ಗದ್ಯದಲ್ಲಿ ಚಾವುಂಡರಾಯ ಪುರಾಣ ಬರೆದ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕಕ್ಕೆ ದೇಶವೇ ಅಲ್ಲಿ ನೆರೆಯುತ್ತದೆ. ತಂಗಿ ಈ ಬಯಲಿನ ಬಸದಿಯಲ್ಲಿ ಒಂದು ಕಂಬವಾಗಿ ಉಳಿದಿದ್ದಾಳೆ.

ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಚಿಕ್ಕಂದಿನಲ್ಲಿ ತಾಯಿಯನ್ನು ಕಳೆದುಕೊಂಡ ಅವನನ್ನು ಸಾಕಿದವರು ಅವನ ಅಕ್ಕ. ನಮ್ಮ ಪಾಲುದಾರಿಕೆ ಅಂಗಡಿಯ ಮೊದಲ ಬಂಡವಾಳಕ್ಕೆ ತಮ್ಮ ಬಳೆಗಳನ್ನು ಕೊಟ್ಟವರೂ ಅವರೇ. ಈಗ ಅವರಿಲ್ಲ. "ಅಂಗಡಿ ಬೋರ್ಡಿನಲ್ಲಿ ನಿನ್ನ ಹೆಸರಿತ್ತು, ನನ್ನ ಹೆಸರಿತ್ತು. ಅಕ್ಕನ ಹೆಸರು ಎಲ್ಲೂ ಇರಲಿಲ್ಲ," ಎಂದ. ಆಮೇಲೆ, "ಸಾವಿರ ವರ್ಷದ ಹಿಂದೆಯೇ ಯಾರೋ ಒಬ್ಬರಿಗೆ ತಂಗಿಯ ಹೆಸರು ಬರೆಸಬೇಕೆಂದು ತೋಚಿತಲ್ಲ," ಎಂದು ಕಣ್ಣೊರೆಸಿಕೊಂಡ. ಪಾಲಾದ ಮೇಲೆ ನಾವಿಬ್ಬರೂ ಅಕ್ಕನ ಸುದ್ದಿ ಮಾತಾಡಿದ್ದು ಅದೇ ಮೊದಲು.

ಕನ್ನಡಕ್ಕೂ ಈ ಊರಿಗೂ ಇನ್ನೊಂದು ನಂಟಿದೆ. ಗುಣಾಢ್ಯನ ಬೃಹತ್ಕಥೆಯ ಉದಯನ ರಾಜನ ಕಥೆಯನ್ನು ತಮಿಳಿನಲ್ಲಿ ಪೆರುಂಗದೈ ಎಂಬ ಕಾವ್ಯವಾಗಿ ಬರೆದ ಜೈನ ಕವಿ ಕೊಂಗುವೇಳಿರ್ ಈ ವಿಜಯಮಂಗಲದವನೆಂದು ಇಲ್ಲಿನ ಪರಂಪರೆ ಹೇಳುತ್ತದೆ. ಅದೇ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದವನು ಗಂಗರ ದೊರೆ ದುರ್ವಿನೀತನೆಂದು ಗಂಗರ ತಾಮ್ರಶಾಸನಗಳಲ್ಲಿದೆ. ಕವಿರಾಜಮಾರ್ಗ ಕನ್ನಡ ಗದ್ಯಕಾರರಲ್ಲಿ ದುರ್ವಿನೀತನ ಹೆಸರನ್ನು ಎಣಿಸುತ್ತದೆ. ಇಲ್ಲಿಗೆ ಹತ್ತಿರದ ಸೀನಾಪುರ, ನನ್ನೂಲ್ ಎಂಬ ತಮಿಳು ವ್ಯಾಕರಣ ಬರೆದ ಭವಣಂದಿ ಮುನಿಗಳ ಊರೆಂದು ಪ್ರತೀತಿ. ಅವರಿಂದ ಅದನ್ನು ಬರೆಸಿದ ಸೀಯಗಂಗ ಗಂಗವಂಶದ ಅರಸು. ಹದಿಮೂರನೆಯ ಶತಮಾನದಲ್ಲಿ ತಮಿಳಿಗೆ ನನ್ನೂಲ್ ಬಂತು, ಅದೇ ಶತಮಾನದಲ್ಲಿ ಕನ್ನಡಕ್ಕೆ ಕೇಶಿರಾಜನ ಶಬ್ದಮಣಿದರ್ಪಣ ಬಂತು. ಎರಡೂ ಜೈನರ ಕೃತಿಗಳು. ಮಕ್ಕಳಿಗೆ ವ್ಯಾಕರಣ ಕಲಿಸುವುದನ್ನೂ ಧರ್ಮದ ಕೆಲಸವೆಂದು ತಿಳಿದಿದ್ದ ಕಾಲ ಅದು.

ಸಮಯವಿದ್ದವರು ಇದೇ ಸೀಮೆಯ ತಿಂಗಳೂರು, ವೆಳ್ಳೋಡು, ಪೂಂದುರೈ ಬಸದಿಗಳನ್ನೂ, ಅವಿನಾಶಿ ತಾಲ್ಲೂಕಿನ ಆಲತ್ತೂರಿನ ಹಳೆಯ ಕಲ್ಲಿನ ಬಸದಿಯನ್ನೂ ಸೇರಿಸಿಕೊಳ್ಳಬಹುದು. ನಾವು ಎರಡನೆಯ ನಿಯಮಕ್ಕೆ ಕಟ್ಟುಬಿದ್ದು ಒಂದಕ್ಕೇ ನಿಂತೆವು. ತಂದಿದ್ದ ಚಪಾತಿಯನ್ನು ಬಸದಿಯ ಹೊರಗಿನ ನೆರಳಿನಲ್ಲಿ ತಿಂದು ಸಂಜೆಯೊಳಗೆ ತಿರುಪ್ಪೂರಿಗೆ ಮರಳಿದೆವು.

ತಿರುಮೂರ್ತಿ ಬೆಟ್ಟ

ಮೂರನೆಯ ದಿನ ಪಲ್ಲಡಂ ಮೇಲೆ ಉಡುಮಲೈಪೇಟೆಗೆ ಬಸ್ಸು. ಅಲ್ಲಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಆನೈಮಲೈ ಶ್ರೇಣಿಯ ಬುಡದಲ್ಲಿ ತಿರುಮೂರ್ತಿ ಬೆಟ್ಟವಿದೆ. ದಾರಿಯುದ್ದಕ್ಕೂ ತೆಂಗಿನ ತೋಟ, ಗಾಳಿಯಂತ್ರಗಳು. ಬೆಟ್ಟದ ಕೆಳಗೆ ಅಣೆಕಟ್ಟಿನ ನೀರು, ಹರಿಯುವ ತೊರೆಯ ಪಕ್ಕದಲ್ಲಿ ದೊಡ್ಡ ಬಂಡೆಗೆ ಅಂಟಿಕೊಂಡಂತೆ ಅಮಣಲಿಂಗೇಶ್ವರ ದೇವಾಲಯ. ಮೇಲೆ ಹತ್ತಿದರೆ ಪಂಚಲಿಂಗ ಜಲಪಾತ. ಮಳೆಗಾಲದಲ್ಲಿ ನೀರು ಒಮ್ಮೆಲೇ ಏರುವುದರಿಂದ ಬಿಡುತ್ತಾರೋ ಇಲ್ಲವೋ ಎಂದು ಕೆಳಗೇ ವಿಚಾರಿಸಿಕೊಳ್ಳಬೇಕು.

ಅಮಣ ಎಂಬ ಮಾತು ಶ್ರಮಣ ಎಂಬುದರಿಂದ ಬಂದದ್ದು, ಹಿಂದೆ ಇದು ಜೈನ ಮುನಿಗಳು ನೆಲೆಸಿದ್ದ ತಾಣ ಎಂದು ಅನೇಕ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಇಂದು ಇಲ್ಲಿ ನಡೆಯುವುದು ತ್ರಿಮೂರ್ತಿಗಳ ಆರಾಧನೆ. ನಾವು ಹೋದ ದಿನ ಸುತ್ತಲ ಹಳ್ಳಿಗಳಿಂದ ಎತ್ತಿನ ಗಾಡಿಯಷ್ಟು ಪಾತ್ರೆ ಹೊತ್ತು ಬಂದ ಸಂಸಾರಗಳು ತೊರೆಯಲ್ಲಿ ಸ್ನಾನ ಮಾಡಿ, ಪೊಂಗಲ್ ಬೇಯಿಸಿ, ಬಂಡೆಗೆ ಕೈಮುಗಿಯುತ್ತಿದ್ದರು. ನಾವೂ ವಿನಯದಿಂದ ನಿಂತು ಬಂದೆವು. ಒಂದು ಕಾಲದಲ್ಲಿ ನಮ್ಮವರದಾಗಿತ್ತೆಂದು ಕೊರಗುವುದಕ್ಕಾಗಲಿ ವಾದಿಸುವುದಕ್ಕಾಗಲಿ ಇಲ್ಲಿ ಅವಕಾಶವಿಲ್ಲ. ಜನ ಬರುತ್ತಿರುವ ಕಡೆ ಕಲ್ಲೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಅಮಣ ಎಂಬ ಹೆಸರನ್ನು ಇಷ್ಟು ಕಾಲ ಬಾಯಲ್ಲಿಟ್ಟುಕೊಂಡು ಕಾಪಾಡಿದವರು ಈ ಹಳ್ಳಿಯ ಭಕ್ತರೇ ಅಲ್ಲವೇ?

ಅಂದು ರಾತ್ರಿ ಪೊಳ್ಳಾಚಿಯಲ್ಲಿ ತಂಗಿದೆವು. ಗೆಳೆಯನ ಮಂಡಿ ನೋವು ಹೆಚ್ಚಾಗಿತ್ತು. ಲೆಕ್ಕದ ಪುಸ್ತಕದಲ್ಲಿ ಆ ದಿನ ಮುಲಾಮಿನ ಖರ್ಚು ಬರೆಯಲು ಹೋದರೆ ಅವನು ಕೈ ಹಿಡಿದ. "ಇದು ನನ್ನ ಸ್ವಂತದ್ದು, ಕಂಪನಿಗೆ ಬೀಳಬಾರದು." ನಾನು ಕೇಳಲಿಲ್ಲ, ಬರೆದೆ. ಜೊತೆಯಲ್ಲಿ ಹೊರಟ ಮೇಲೆ ಒಬ್ಬನ ಮಂಡಿ ನೋವು ಇಬ್ಬರ ಖರ್ಚೇ.

ನೆಗಮಂ ಮಗ್ಗ, ಕೊಯಮತ್ತೂರು ಪೇಟೆ

ಕೊನೆಯ ದಿನ ಬೆಳಿಗ್ಗೆ ಪೊಳ್ಳಾಚಿಗೆ ಸಮೀಪದ ನೆಗಮಂಗೆ ಹೋದೆವು. ಇಲ್ಲಿನ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ರೇಷ್ಮೆ ಉಡದ ವ್ರತವಿರುವ ಮನೆಗಳಿಗೆ ಇಂತಹ ಒಳ್ಳೆಯ ಹತ್ತಿ ಸೀರೆ ಹುಡುಕಿದರೂ ಸಿಗುವುದು ಕಷ್ಟ. ಈ ಸೀಮೆಯ ನೇಕಾರರಲ್ಲಿ ದೇವಾಂಗರು ಬಹಳ, ಅವರ ಮನೆಮಾತು ಕನ್ನಡ. ಮಗ್ಗದ ಮನೆಯೊಂದರಲ್ಲಿ ಒಳಗಿನಿಂದ ಕನ್ನಡದ ಮಾತು ಕೇಳಿ ನಾವು ಬೆರಗಾದರೆ, ನಾವು ಕನ್ನಡದವರೆಂದು ತಿಳಿದು ಮನೆಯಾಕೆಗೆ ಅದಕ್ಕಿಂತ ಬೆರಗು. ತಮಿಳು ಬೆರೆತ, ನಮ್ಮ ಅಜ್ಜಿಯಂದಿರ ಕಾಲದ ಕನ್ನಡ. ಹದಿನೇಳನೆಯ ಶತಮಾನದ ಕೊನೆಯಿಂದ ಮೈಸೂರಿನ ಒಡೆಯರು, ಬಳಿಕ ಹೈದರಾಲಿ, ಟಿಪ್ಪು ಆಳಿದ ನಾಡು ಇದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಗೆ ಹೋಯಿತು. ಆಳುವವರು ಬದಲಾದರೂ ಮಗ್ಗದ ಮನೆಯ ಮಾತು ಬದಲಾಗಲಿಲ್ಲ.

ಮಧ್ಯಾಹ್ನ ಕೊಯಮತ್ತೂರು. ರಂಗೇಗೌಡರ್ ಬೀದಿಯ ಸಗಟು ಅಂಗಡಿಗಳನ್ನು ವ್ಯಾಪಾರಿಗಳಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಆರ್.ಎಸ್.ಪುರದಲ್ಲಿ ಶ್ವೇತಾಂಬರ ಬಂಧುಗಳ ಮಂದಿರದಲ್ಲಿ ದರ್ಶನ ಪಡೆದೆವು. ಅದೇ ಕಡೆ 1902ರಲ್ಲಿ ಗ್ಯಾಸ್ ಎಂಬ ಇಂಗ್ಲಿಷ್ ಅರಣ್ಯಾಧಿಕಾರಿ ಕಟ್ಟಿ ಬೆಳೆಸಿದ ಅರಣ್ಯ ವಸ್ತುಸಂಗ್ರಹಾಲಯವಿದೆ. ನಮ್ಮ ಕಾಡಿನ ಮರಗಳ ಅಡ್ಡಕೊಯ್ತ, ತೊಗಟೆ, ಬೀಜಗಳನ್ನು ಚೀಟಿ ಸಮೇತ ಜೋಡಿಸಿಟ್ಟಿದ್ದಾರೆ. ಮಕ್ಕಳನ್ನು ಕರೆತರುವವರು ಒಂದು ದಿನ ಹೆಚ್ಚು ಇಟ್ಟುಕೊಂಡು ಮೇಟ್ಟುಪಾಳಯಂನಿಂದ ಹೊರಡುವ ನೀಲಗಿರಿ ಪುಟ್ಟ ರೈಲನ್ನು ತೋರಿಸಬಹುದು. 1899ರಲ್ಲಿ ಕೂನೂರಿಗೂ 1908ರಲ್ಲಿ ಊಟಿಗೂ ಮುಟ್ಟಿದ ಈ ದಾರಿ 46 ಕಿ.ಮೀ. ಉದ್ದವಿದೆ, ಹಲ್ಲುಗಾಲಿಯ ಆಧಾರದಿಂದ ಬೆಟ್ಟ ಹತ್ತುತ್ತದೆ. 2005ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಸೀಟು ಮೊದಲೇ ಕಾಯ್ದಿರಿಸಬೇಕು. ನಾವು ರಾತ್ರಿ ರೈಲಿಗೆ ಬೆಂಗಳೂರಿಗೆ ಹೊರಟೆವು.

ರೋಕಡಿ ಪುಸ್ತಕ

ವ್ಯಾಪಾರಿಗಳಿಗೆ ಲೆಕ್ಕ ತೋರಿಸದಿದ್ದರೆ ಲೇಖನ ಪೂರ್ತಿಯಾಗದು. ಇಬ್ಬರಿಗೂ ಸೇರಿ ಖರ್ಚು ಹೀಗೆ: ಮೂರು ರಾತ್ರಿಯ ಕೋಣೆ 2,700 ರೂ., ರೈಲು ಮತ್ತು ಬಸ್ಸು 1,310 ರೂ., ಆಟೋ 1,150 ರೂ., ಊಟ ತಿಂಡಿ 1,240 ರೂ., ಹುಂಡಿ, ಔಷಧ, ಚಿಲ್ಲರೆ 565 ರೂ. ಒಟ್ಟು 6,965 ರೂ. ತಲೆಗೆ 3,482 ರೂಪಾಯಿ 50 ಪೈಸೆ. ಚೀಲಕ್ಕೆ ಇಬ್ಬರೂ ನಾಲ್ಕು ನಾಲ್ಕು ಸಾವಿರ ಹಾಕಿದ್ದೆವು. ಉಳಿದದ್ದನ್ನು ಹಂಚಿಕೊಳ್ಳಲು ಗೆಳೆಯ ಒಪ್ಪಲಿಲ್ಲ. ಮುಂದಿನ ಪ್ರವಾಸದ ಬಾಬ್ತು ಎಂದು ಪುಸ್ತಕದಲ್ಲಿ ಜಮಾ ಬರೆಸಿದ.

ಹೋಗುವವರಿಗೆ ಕೆಲವು ಮಾತು. ಬಸದಿಯ ಬಾಗಿಲು ಸದಾ ತೆರೆದಿರುವುದಿಲ್ಲ. ಬೆಳಗಿನ ಹೊತ್ತು ಹೋಗಿ, ಬೀಗ ತೆಗೆಯುವವರನ್ನು ಅಕ್ಕಪಕ್ಕ ವಿಚಾರಿಸಿ, ಅವರ ಕೈಗೆ ಏನಾದರೂ ಕೊಟ್ಟು ಬನ್ನಿ. ಶಾಸನದ ಕಲ್ಲಿಗೆ ಎಣ್ಣೆ, ಅರಿಸಿನ ಕುಂಕುಮ ಹಚ್ಚಬೇಡಿ, ಅಕ್ಷರ ಕಾಣಲೆಂದು ಸುಣ್ಣ ಬಳಿಯಬೇಡಿ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಬಣ್ಣ, ಟೈಲ್ಸು ಹಾಕಿಸಲು ಹಣ ಕೊಡುವ ಮುನ್ನ ಪುರಾತತ್ವ ಬಲ್ಲವರನ್ನು ಒಂದು ಮಾತು ಕೇಳಿ. ಕಲ್ಲಿನಲ್ಲಿ ಬರೆದದ್ದು ಒಮ್ಮೆ ಅಳಿಸಿದರೆ ಮತ್ತೆ ಬರೆಯಲು ಬರುವುದಿಲ್ಲ.

ಹಣದ ನೆರವಿಗಿಂತ ಮೊದಲು ಬೇಕಾದದ್ದು ಹೋಗಿಬರುವ ಕಾಲುಗಳು. ವರ್ಷಕ್ಕೆ ಹತ್ತು ಸಂಸಾರ ಬರುವ ಬಸದಿಗೂ ತಿಂಗಳಿಗೆ ಹತ್ತು ಸಂಸಾರ ಬರುವ ಬಸದಿಗೂ ಬಹಳ ಅಂತರವಿದೆ. ಜನ ಬಂದರೆ ಬಾಗಿಲು ತೆಗೆಯುತ್ತಾರೆ, ಬಾಗಿಲು ತೆಗೆದರೆ ಕಸ ಗುಡಿಸುತ್ತಾರೆ, ಕಸ ಗುಡಿಸಿದ ಕಡೆ ಇನ್ನಷ್ಟು ಜನ ಬರುತ್ತಾರೆ. ಇಂಗ್ಲೆಂಡಿನ ಜನ ಬರಿದಾದ ಮಠವನ್ನು ಉಳಿಸಿಕೊಂಡ ಗುಟ್ಟೂ ಇದೇ.

ಮುಂದಿನ ಖರೀದಿಗೆ ತಿರುಪ್ಪೂರಿಗೆ ಹೊರಡುವ ಬಂಧುಗಳು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಲಿ, ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಲಿ. ಪುಲ್ಲಿಯಬ್ಬೆಯ ಕಂಬವನ್ನು ಮೊದಲು ಅವರೇ ನೋಡಬೇಕು.